ಹೋರಿಗೆ ಬೇರೆ ಊರು, ಹುಲಿಗೆ ಬೇರೆ ಕಾಡು

ಮೈಸೂರಿಗೆ ಬಂದವರೆಲ್ಲ ಅರಮನೆ ನೋಡುತ್ತೀರಿ, ಮೃಗಾಲಯ ಸುತ್ತುತ್ತೀರಿ, ಬೆಟ್ಟಕ್ಕೆ ಹೋಗಿ ತಾಯಿಗೆ ಕೈಮುಗಿದು, ಒಂದು ಸೀರೆ ಕೊಂಡು ವಾಪಸ್ಸು ಹೊರಟುಬಿಡುತ್ತೀರಿ. ಮುಂದಿನ ಸಲ ಹಾಗೆ ಮಾಡಬೇಡಿ. ನಾಲ್ಕು ದಿನ ಬಿಡುವು ಮಾಡಿಕೊಂಡು ಪಡುವಣ ದಿಕ್ಕಿಗೆ ಬಸ್ಸು ಹತ್ತಿ. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಭತ್ತದ ಗದ್ದೆಯಿಂದ ಹುಲಿಯ ಕಾಡಿನವರೆಗೆ ಎಲ್ಲವೂ ಉಂಟು. ನಾನು 2025ರ ಜನವರಿಯಲ್ಲಿ ಹೋಗಿಬಂದೆ. ಹೊರಟಿದ್ದು ಕಾಡು ನೋಡುವುದಕ್ಕೆ. ಆದರೆ ಕಾಡು ನಮ್ಮ ಮನೆಯ ಮಾತನ್ನೇ ಎತ್ತಿಕೊಡುತ್ತದೆ ಎಂದು ನನಗೇನು ಗೊತ್ತಿತ್ತು?

ಮೊದಲು ಕೃಷ್ಣರಾಜನಗರ. ಅಲ್ಲಿ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕನ ಮನೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ಜಾತ್ರೆ, ಜೊತೆಗೆ ದನಗಳ ಪರಿಷೆ. ಕಾವೇರಿ ಅಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಮೇಲೆ ಕೋದಂಡರಾಮನ ಗುಡಿ. ಒಳಗೆ ಹೋದಾಗ ಗಮನವಿಟ್ಟು ನೋಡಿ, ಇಲ್ಲಿ ಸೀತಮ್ಮ ರಾಮನ ಎಡಗಡೆ ಅಲ್ಲ, ಬಲಗಡೆ ನಿಂತಿದ್ದಾಳೆ. ಹೊರಗೆ ಭೋರ್ಗರೆಯುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ ಅಂತಾರೆ. ಜನವರಿಯಲ್ಲಿ ನೀರೇ ಕಡಿಮೆ, ಅದರ ಪರೀಕ್ಷೆಗೆ ಮಳೆಗಾಲದಲ್ಲೇ ಹೋಗಬೇಕು.

ಗುಡಿಗಿಂತ ನನಗೆ ಹಿಡಿಸಿದ್ದು ದನಗಳ ಪರಿಷೆ. ಹಳ್ಳಿಕಾರ್ ಜೋಡಿಗಳು ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡು ಚಪ್ಪರದ ಕೆಳಗೆ ಮದುವೆ ಗಂಡುಗಳ ಹಾಗೆ ನಿಂತಿದ್ದವು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ದಳ್ಳಾಳಿಗಳು, ಹಲ್ಲು ಎಣಿಸುವವರು, ಸುಳಿ ನೋಡುವವರು. ನಮ್ಮ ಭಾವನಿಗೆ ಬೀಜದ ಹೋರಿಯೊಂದು ಬೇಕಿತ್ತು. ಒಂದು ಚಂದದ ಹೋರಿಯ ಮುಂದೆ ನಿಂತರು. ಮೈಕಟ್ಟು ನೋಡಿದರು, ಸುಳಿ ನೋಡಿದರು, ನಡಿಗೆ ನೋಡಿದರು. ಕೊನೆಗೆ, “ಯಾವ ಹೋರಿಗೆ ಹುಟ್ಟಿದ್ದು?” ಎಂದು ಕೇಳಿದರು. ಉತ್ತರ ಕೇಳಿ ಕೈ ಕೊಡವಿಕೊಂಡು ಮುಂದಕ್ಕೆ ನಡೆದುಬಿಟ್ಟರು.

“ಯಾಕೆ ಭಾವ, ಅಷ್ಟು ಚೆನ್ನಾಗಿತ್ತಲ್ಲ?” ಅಂದೆ.

“ಅದರಪ್ಪನೇ ಕಣವ್ವ ನಮ್ಮ ಹಟ್ಟಿಯ ಎರಡು ಹಸುಗೂ ಅಪ್ಪ. ಅದೇ ರಕ್ತ ಅದೇ ರಕ್ತಕ್ಕೆ ಸೇರಿದ್ರೆ ಕರ ಸಣ್ಣಕ್ಕಾಗ್ತದೆ, ಹಸು ಗಬ್ಬ ನಿಲ್ಲದೆ ಸತಾಯಿಸ್ತದೆ. ಹೋರಿ ಬೇರೆ ಊರಿಂದೇ ಬರಬೇಕು.”

ಭಾವ ಓದಿದ್ದು ಏಳನೇ ಕ್ಲಾಸು. ಈ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಆವತ್ತು ರಾತ್ರಿ ಅಕ್ಕನ ಪಡಸಾಲೆಯಲ್ಲಿ ಕುಳಿತು ಅವರೆಕಾಳು ಹಿತುಕುತ್ತಿದ್ದೆವು. ಅವರೆಯ ಸೊಗಡಿನ ಕಾಲ, ಬೆಳಗ್ಗೆ ಹಿತುಕಿದ ಬೇಳೆ ಸಾರು ಆಗಬೇಕು. ಅಕ್ಕ ಮೆಲ್ಲಗೆ ವಿಷಯ ತೆಗೆದಳು. ಅವಳ ಮಗಳು ಪುಟ್ಟಿ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು. ಅವಳನ್ನು ನಮ್ಮ ಕಡೇ ತಮ್ಮನಿಗೇ, ಅಂದರೆ ಅವಳ ಸೋದರಮಾವನಿಗೇ ಕೊಟ್ಟುಬಿಡೋಣ ಎಂದು.

“ಗೊತ್ತಿರೋ ಮನೆ ಕಣೆ. ವರದಕ್ಷಿಣೆ ಅನ್ನೋ ಸುದ್ದಿ ಇಲ್ಲ. ಗದ್ದೆ ನಮ್ಮಲ್ಲೇ ಉಳೀತದೆ. ಅತ್ತೆ ಕಾಟ ಅಂತ ಅಳುತ್ತಾ ಬರೋ ಹಾಗಿಲ್ಲ, ಅಜ್ಜಿಯೇ ಅತ್ತೆ” ಅಂದಳು.

ಓದುಗ ಸೋದರಿಯರೇ, ಅಕ್ಕನ ಮಾತನ್ನು ನಗಬೇಡಿ. ಹೆಣ್ಣು ಹೆತ್ತವಳಿಗೆ ಇದಕ್ಕಿಂತ ದೊಡ್ಡ ಭರವಸೆ ಯಾವುದಿದೆ? ನಮ್ಮಮ್ಮನನ್ನೂ ಅವಳ ಸೋದರಮಾವನಿಗೇ ಕೊಟ್ಟಿದ್ದು. ಅಪ್ಪ ಅಮ್ಮನನ್ನು ಹೂವಿನ ಹಾಗೆ ನೋಡಿಕೊಂಡರು. ಆದರೆ ನಾವು ಹುಟ್ಟಿದ್ದು ಆರು ಜನ, ಉಳಿದದ್ದು ನಾಲ್ಕು. ಉಳಿದವರಲ್ಲಿ ನಡುವಿನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅವನನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಾಗ ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, “ಸಂಬಂಧದಲ್ಲಿ ಮದುವೆಯಾ?” ಅಮ್ಮ ಹೌದು ಅಂದು ಸೆರಗು ಬಾಯಿಗಿಟ್ಟುಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ರಾತ್ರಿ ನಾನು ಬಾಯಿ ಬಿಡಲಿಲ್ಲ. ಪುಟ್ಟಿಯೂ ತಲೆ ಬಗ್ಗಿಸಿ ಅವರೆ ಹಿತುಕುತ್ತಲೇ ಇದ್ದಳು. ಬೆಳಗ್ಗೆ, “ಚಿಕ್ಕಮ್ಮ, ಕಾಡಿಗೆ ನಾನೂ ಬರ್ತೀನಿ” ಅಂದಳು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಇಬ್ಬರೂ ಹೊರಟೆವು. (ರೊಟ್ಟಿ ಎರಡು ದಿನ ಮೆತ್ತಗಿರಬೇಕಾದರೆ ಹಿಟ್ಟಿಗೆ ಒಂದು ಹಿಡಿ ಅನ್ನ ಕಿವುಚಿ ಹಾಕಿ ನಾದಿ.)

ಹುಣಸೂರು ಎಂದರೆ ಈಗ ಎಲ್ಲರಿಗೂ ಹೊಗೆಸೊಪ್ಪು, ದಸರಾ ಆನೆಗಳು ಹೊರಡುವ ವೀರನಹೊಸಹಳ್ಳಿ. ಆದರೆ ಬ್ರಿಟಿಷರ ಕಾಲದಲ್ಲಿ ಈ ಊರು ಹೆಸರಾಗಿದ್ದು ಅಮೃತಮಹಲ್ ದನಗಳಿಂದ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಮುಂದೆ ಕಂಪನಿಯವರು ತೋಪು ಎಳೆಸುವುದಕ್ಕೆ ಈ ತಳಿಯನ್ನು ಸಾಕಿದರು, ಅದರ ಮುಖ್ಯ ಠಾಣ್ಯ ಹುಣಸೂರು. 1860ರಲ್ಲಿ ಖರ್ಚು ಜಾಸ್ತಿ ಎಂದು ಮಂದೆಯನ್ನೇ ಮಾರಿ ಚೆದುರಿಸಿಬಿಟ್ಟರು. ಆಮೇಲೆ ತೋಪು ಎಳೆಯಲು ಅಂಥ ಎತ್ತು ಎಲ್ಲಿ ಸಿಗಬೇಕು? ಆರು ವರ್ಷ ಕೈಕೈ ಹಿಸುಕಿಕೊಂಡು 1866ರಲ್ಲಿ ಚೆದುರಿದ್ದನ್ನು ಮತ್ತೆ ಹುಡುಕಿ ಮಂದೆ ಕಟ್ಟಬೇಕಾಯಿತು. ಕಳೆದುಕೊಳ್ಳುವುದು ಒಂದು ಸಹಿ, ಮತ್ತೆ ಕಟ್ಟುವುದು ತಲೆಮಾರುಗಳ ಕೆಲಸ. ಹುಲಿಯ ವಿಷಯದಲ್ಲೂ ಹೀಗೇ ಆಯಿತು ಅಂದಳು ಪುಟ್ಟಿ. ಆಗ ನನಗೆ ಪೂರ್ತಿ ಅರ್ಥವಾಗಲಿಲ್ಲ.

ಪಿರಿಯಾಪಟ್ಟಣದಲ್ಲಿ ಒಂದೇ ಮಧ್ಯಾಹ್ನ ಇದ್ದದ್ದು. ಬ್ಯಾರನ್ನುಗಳ ಹತ್ತಿರ ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಬೈಲುಕುಪ್ಪೆಯ ಟಿಬೆಟನ್ನರ ಚಿನ್ನದ ಬಣ್ಣದ ದೇವಸ್ಥಾನವನ್ನು ಎಲ್ಲರೂ ನೋಡುವುದರಿಂದ ನಾನು ಬೇರೆ ವರ್ಣಿಸುವುದಿಲ್ಲ. ಬಿಸಿಯಾದ ಮೊಮೊ ತಿಂದು ಹುಣಸೂರಿಗೆ ಮರಳಿ ಕೋಟೆಯ ಬಸ್ಸು ಹಿಡಿದೆವು.

ಹೆಗ್ಗಡದೇವನಕೋಟೆ ದಾಟಿದರೆ ಗಾಳಿಯೇ ಬೇರೆ. ಕಪಿಲೆಗೆ 1974ರಲ್ಲಿ ಕಟ್ಟಿದ ಕಬಿನಿ ಅಣೆಕಟ್ಟಿನ ಹಿನ್ನೀರು ಕಾಡಿನೊಳಕ್ಕೆ ಕೈಚಾಚಿ ಮಲಗಿದೆ. ಆ ನೀರಿನ ಕೆಳಗೆ ಹಳ್ಳಿಗಳಿವೆ, ಕಾಕನಕೋಟೆಯ ಹಳೆಯ ಕಾಡೂ ಇದೆ. ಮಹಾರಾಜರ ಕಾಲದ ಖೆಡ್ಡಾ ನಡೆಯುತ್ತಿದ್ದ ಜಾಗ ಅದೇ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಇಲ್ಲಿಯ ಖೆಡ್ಡಾದಲ್ಲೇ ಸಿಕ್ಕಿದವನು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಯಸಳೂರಿನಲ್ಲಿ ಕಾಡಾನೆಯೊಂದಿಗೆ ಸೆಣಸಿ ಸತ್ತ. ಅವನಿದ್ದ ಬಳ್ಳೆ ಶಿಬಿರ ಈ ದಾರಿಯಲ್ಲೇ. ಶಿಬಿರದ ಹೆಣ್ಣಾನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ. ಕಾಡಿನ ಸಲಗ ಬಂದು ಸೇರುತ್ತದೆ, ಮರಿಗೆ ಹೊಸ ರಕ್ತ ಬರುತ್ತದೆ. ಸಾಕಿದ ಆನೆಗೂ ಬೀಗತನ ಕಾಡಿನೊಡನೆಯೇ!

ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ಬಸ್ಸು ಹತ್ತಿದೆವು. ಎಲ್ಲರ ಬಾಯಲ್ಲೂ ಒಂದೇ ಮಾತು, ಕರಿಚಿರತೆ. ಕಬಿನಿಯ ಕರಿಚಿರತೆಯ ಚಿತ್ರ ಜಗತ್ತೆಲ್ಲ ಸುತ್ತಿದೆಯಲ್ಲ, ಅದನ್ನು ನೋಡಲೇಬೇಕೆಂದು ದೂರದೂರದಿಂದ ಬಂದಿದ್ದರು. ಕಂಡದ್ದೇನು? ಜಿಂಕೆಯ ಹಿಂಡು, ಬಿಳಿ ಕಾಲುಚೀಲ ತೊಟ್ಟಂತಿರುವ ಕಾಟಿಗಳು, ನವಿಲು, ಒಂದು ಒಂಟಿ ಸಲಗ. ಮೇಲೆ ಮುಸುವ ಕೂಗಿತು, ಬಸ್ಸು ನಿಂತಿತು. ನಲವತ್ತು ಕಣ್ಣು ಒಂದೇ ಪೊದೆಯ ಮೇಲೆ. ಲಂಟಾನದ ಸಂದಿಯಲ್ಲಿ ಪಟ್ಟೆಯ ಬಾಲವೊಂದು ಅಲ್ಲಾಡಿ ಮಾಯವಾಯಿತು. ಅಷ್ಟೇ ನಮ್ಮ ಹುಲಿ. ಹಿನ್ನೀರಿನ ಹುಲ್ಲಿನಲ್ಲಿ ಆನೆಗಳ ಸಂತೆ ನೋಡಬೇಕೆಂದರೆ ಏಪ್ರಿಲ್, ಮೇ ತಿಂಗಳಿಗೆ ಹೋಗಿ, ನೀರು ಇಳಿದಿರುತ್ತದೆ.

ಕರಿಚಿರತೆ ಕಾಣದ ಬೇಸರ ತೀರಿಸಲು ಪುಟ್ಟಿ ಅದರ ಕತೆ ಹೇಳಿದಳು. ಅದು ಬೇರೆ ಜಾತಿಯಲ್ಲ, ಮಾಮೂಲಿ ಚಿರತೆಯೇ. ಚುಕ್ಕೆಯ ತಾಯಿತಂದೆಗೂ ಕರಿ ಮರಿ ಹುಟ್ಟಬಹುದು, ಇಬ್ಬರಲ್ಲೂ ಆ ಗುಣ ಅಡಗಿ ಕೂತಿದ್ದರೆ. ಮಲಯಾದ ಕಾಡುಗಳಲ್ಲಿ ಚಿರತೆಗಳು ಹೆಚ್ಚುಕಮ್ಮಿ ಎಲ್ಲವೂ ಕಪ್ಪೇ. ಅದರಿಂದ ಅವಕ್ಕೇನೂ ಊನವಿಲ್ಲ.

“ಆದರೆ ಕರಿಹುಲಿ ಹಾಗಲ್ಲ ಚಿಕ್ಕಮ್ಮ” ಅಂದಳು.

ಒಡಿಶಾದ ಸಿಮಿಲಿಪಾಲ ಕಾಡಿನಲ್ಲಿ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿ, ಮಸಿ ಬಳಿದಂತೆ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಮತ್ತು ಅವರ ಶಿಷ್ಯ ವಿನಯ್ ಸಾಗರ್ ಇದರ ಗುಟ್ಟು ಬಿಡಿಸಿ 2021ರಲ್ಲಿ ಪ್ರಕಟಿಸಿದರು. ಒಂದೇ ಒಂದು ವಂಶವಾಹಿಯ ಸಣ್ಣ ತಪ್ಪು. ಬೇರೆ ಯಾವ ಕಾಡಿನಲ್ಲೂ ಕಾಣದ ಈ ರೂಪ ಅಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹುಲಿಗಳಿಗೆ ಬಂದಿತ್ತು. ಕಾರಣ, ಸಿಮಿಲಿಪಾಲಕ್ಕೆ ಬೇರೆ ಹುಲಿಕಾಡಿನ ದಾರಿಯಿಲ್ಲ. ಇದ್ದ ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಬೆಳೆದವು.

ಇದನ್ನು ಅವಳು ನನಗೆ ಬಿಡಿಸಿ ಹೇಳಿದ ರೀತಿ ನಿಮಗೂ ಹೇಳುತ್ತೇನೆ. ಪ್ರತಿ ಜೀವಕ್ಕೂ ಅಡುಗೆಯ ಪುಸ್ತಕ ಎರಡು ಪ್ರತಿ ಇರುತ್ತದೆ, ಅಮ್ಮ ಕೊಟ್ಟದ್ದೊಂದು, ಅಪ್ಪ ಕೊಟ್ಟದ್ದೊಂದು. ಎಲ್ಲರ ಪುಸ್ತಕದಲ್ಲೂ ಅಲ್ಲೊಂದು ಇಲ್ಲೊಂದು ಹಾಳೆಗೆ ಎಣ್ಣೆ ಚೆಲ್ಲಿ ಅಕ್ಷರ ಅಳಿಸಿರುತ್ತದೆ. ಚಿಂತೆಯಿಲ್ಲ, ಇನ್ನೊಂದು ಪ್ರತಿ ನೋಡಿ ಅಡುಗೆ ಆಗುತ್ತದೆ. ಆದರೆ ಎರಡೂ ಪ್ರತಿ ಒಬ್ಬಳೇ ಅಜ್ಜಿಯ ಪುಸ್ತಕದಿಂದ ನಕಲಾಗಿದ್ದರೆ? ಅದೇ ಹಾಳೆ ಎರಡರಲ್ಲೂ ಅಳಿಸಿರುತ್ತದೆ, ಆವತ್ತು ಆ ಅಡುಗೆ ಕೆಡುತ್ತದೆ. ಅಣ್ಣತಂಗಿ ಸೇರಿದ ಹುಲಿಮರಿಯ ಪುಸ್ತಕದಲ್ಲಿ ನಾಲ್ಕರಲ್ಲಿ ಒಂದು ಪಾಲು ಹೀಗೆ ಒಂದೇ ಮೂಲದ ನಕಲಾಗುವ ಸಂಭವ. ಮಾವ ಸೊಸೆಯಾದರೆ ಎಂಟರಲ್ಲಿ ಒಂದು, ಅತ್ತೆಮಗ ಮಾವನಮಗಳಾದರೆ ಹದಿನಾರರಲ್ಲಿ ಒಂದು.

“ಮಾವ ಸೊಸೆ” ಎಂದಾಗ ಅವಳ ದನಿ ಏನೂ ಬದಲಾಗಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

ಆಮೇಲೆ ಸಾರಿಸ್ಕದ ಕತೆ. ರಾಜಸ್ತಾನದ ಸಾರಿಸ್ಕದಲ್ಲಿ ಕಳ್ಳಬೇಟೆಯಿಂದ 2004-05ರ ಹೊತ್ತಿಗೆ ಒಂದು ಹುಲಿಯೂ ಉಳಿಯಲಿಲ್ಲ. 2008ರಲ್ಲಿ ರಣಥಂಬೋರದಿಂದ ಹೆಲಿಕಾಪ್ಟರಿನಲ್ಲಿ ಹುಲಿ ತಂದು ಬಿಟ್ಟರು. ಹುಲಿಯನ್ನು ಹೀಗೆ ಬರಿದಾದ ಕಾಡಿಗೆ ತಂದು ನೆಲೆಗೊಳಿಸಿದ್ದು ಸಾಹಸವೇ ಸರಿ. ಆದರೆ ಮೊದಲು ತಂದವು ಹತ್ತಿರದ ರಕ್ತಸಂಬಂಧಿಗಳು ಎಂದು ಆಮೇಲೆ ಗೊತ್ತಾಯಿತು. ರಣಥಂಬೋರವೇ ಒಂದು ದ್ವೀಪ, ಅಲ್ಲಿಯ ಹುಲಿಗಳಲ್ಲಿ ಒಳಸಂಬಂಧ ಹೆಚ್ಚೆಂದು 2021ರ ಇನ್ನೊಂದು ಅಧ್ಯಯನ ತೋರಿಸಿತು. ಸಾರಿಸ್ಕದಲ್ಲಿ ನಾಲ್ಕು ವರ್ಷ ಮರಿಯೇ ಇಲ್ಲ. 2012ರಲ್ಲಿ ಮೊದಲ ಮರಿಗಳು ಕಂಡವು. ಅದಕ್ಕೆ ಜನ, ದನ, ವಾಹನಗಳ ಗದ್ದಲವೂ ಕಾರಣವೆನ್ನಿ, ಎಲ್ಲವನ್ನೂ ರಕ್ತದ ಮೇಲೆ ಹೊರಿಸಬಾರದು. ಈಗ ಅಲ್ಲಿ ಸಂಖ್ಯೆ ನಲವತ್ತು ದಾಟಿದೆ, ಆದರೆ ತವರು ಒಂದೇ.

ಮಧ್ಯಪ್ರದೇಶದ ಪನ್ನಾದಲ್ಲೂ 2009ರ ಹೊತ್ತಿಗೆ ಹುಲಿ ಅಳಿಸಿಹೋಯಿತು. ಅಲ್ಲಿಯವರು ಹೆಣ್ಣುಗಳನ್ನು ಬಾಂಧವಗಢ, ಕಾನ್ಹಾಗಳಿಂದ, ಗಂಡನ್ನು ಪೆಂಚದಿಂದ ತಂದರು. ಬೇರೆಬೇರೆ ಊರಿನ ಸಂಬಂಧ! ಗಂಡಿಗೆ ಮಾತ್ರ ಹೊಸ ಜಾಗ ಒಗ್ಗಲಿಲ್ಲ, ತವರಿನ ದಿಕ್ಕು ಹಿಡಿದು ಹೊರಟೇಬಿಟ್ಟಿತು. ಹಿಂದೆಬಿದ್ದು ಹಿಡಿದು ತರಬೇಕಾಯಿತು. 2010ರಲ್ಲಿ ಮರಿಗಳಾದವು, ಈಗ ಐವತ್ತನ್ನು ಮೀರಿವೆ.

ನಾವು ಹೋದ ಜನವರಿಯಲ್ಲಿ ಪತ್ರಿಕೆಗಳ ತುಂಬ ಜೀನತ್ ಎಂಬ ಹೆಣ್ಣುಹುಲಿಯ ಸುದ್ದಿ. ಸಿಮಿಲಿಪಾಲಕ್ಕೆ ಹೊಸ ರಕ್ತ ಬರಲೆಂದು 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಗಳನ್ನು ಕರೆತಂದರು. ಜೀನತ್ ಗಂಡನ ಮನೆಯಲ್ಲಿ ನಿಲ್ಲಲಿಲ್ಲ. ಜಾರ್ಖಂಡಕ್ಕೆ ನಡೆದಳು, ಅಲ್ಲಿಂದ ಪಶ್ಚಿಮ ಬಂಗಾಳಕ್ಕೆ. ಕೊನೆಗೆ ಡಿಸೆಂಬರ್ 29ರಂದು ಬಾಂಕುಡಾ ಜಿಲ್ಲೆಯಲ್ಲಿ ಅರಿವಳಿಕೆಯ ಚುಚ್ಚುಮದ್ದು ಹೊಡೆದು ಹಿಡಿದು ವಾಪಸ್ಸು ತಂದರು. “ಪಾಪ, ಅವಳನ್ನು ಯಾರು ಕೇಳಿದ್ದರು?” ಅಂದಳು ಪುಟ್ಟಿ, ನಕ್ಕಳು.

ಹೊರಗಿನ ಹೆಣ್ಣು ತಂದರೆ ನಿಜವಾಗಿ ಪ್ರಯೋಜನವಾಗುತ್ತದೆಯೇ ಎಂದು ನಾನು ಕೇಳಿದೆ. ಅಮೆರಿಕದ ಫ್ಲಾರಿಡಾದಲ್ಲಿ ಆಗಿದೆಯಂತೆ. ಅಲ್ಲಿಯ ಪ್ಯೂಮಾ ಬೆಕ್ಕುಗಳು ಇಪ್ಪತ್ತು ಮೂವತ್ತಕ್ಕೆ ಇಳಿದು, ಬಾಲ ಡೊಂಕು, ಹೃದಯದಲ್ಲಿ ದೋಷ, ಗಂಡುಗಳಿಗೆ ಬಂಜೆತನ. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣುಗಳನ್ನು ತಂದುಬಿಟ್ಟರು. ಹುಟ್ಟಿದ ಮರಿಗಳಲ್ಲಿ ಆ ಡೊಂಕು ಕಡಿಮೆಯಾಯಿತು, ಸಂಖ್ಯೆ ನೂರು ದಾಟಿತು. ನನಗೆ ನೆನಪಾಗಿದ್ದು ಹೆಪ್ಪು. ಅದೇ ಹೆಪ್ಪು ತಿಂಗಳುಗಟ್ಟಲೆ ಹಾಕುತ್ತಿದ್ದರೆ ಮೊಸರು ಲೋಳೆಯಾಗುತ್ತದೆ, ಪಕ್ಕದ ಮನೆಯಿಂದ ಒಂದು ಚಮಚ ತಂದರೆ ಮತ್ತೆ ಗಟ್ಟಿ. ಶಾಸ್ತ್ರದ ಪ್ರಕಾರ ಎರಡೂ ಬೇರೆ ಸಂಗತಿ ಎಂದು ಪುಟ್ಟಿ ತಕ್ಷಣ ತಿದ್ದಿದಳು. ಇರಲಿ, ನಿಮಗೆ ಅರ್ಥವಾಯಿತಲ್ಲ?

ಹಾಗಾದರೆ ನಮ್ಮ ನಾಗರಹೊಳೆಗೆ ಈ ಕಷ್ಟ ಯಾಕಿಲ್ಲ? 643 ಚದರ ಕಿ.ಮೀ. ಅಷ್ಟೇನೂ ದೊಡ್ಡದಲ್ಲ. ಆದರೆ ಇದು ಒಂಟಿ ಮನೆಯಲ್ಲ, ವಠಾರ. ಕಬಿನಿಯ ಆಚೆ ಬಂಡೀಪುರ, ಅದಕ್ಕೆ ಅಂಟಿಕೊಂಡು ತಮಿಳುನಾಡಿನ ಮುದುಮಲೆ, ಕೇರಳದ ವಯನಾಡು. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141, ಬಂಡೀಪುರದಲ್ಲಿ 150 ಹುಲಿಗಳೆಂದು ಲೆಕ್ಕ. ಬೆಳೆದ ಗಂಡು ತಾಯಿಯ ಜಾಗ ಬಿಟ್ಟು ನಡೆದು, ಬೇರೆ ಕಡೆ ಸಂಸಾರ ಹೂಡುತ್ತದೆ. ಎಷ್ಟು ದೂರ ನಡೆಯಬಲ್ಲದು ಗೊತ್ತೇ? 2010ರಲ್ಲಿ ಬಂಡೀಪುರದ ಕ್ಯಾಮರಾದಲ್ಲಿ ಸಿಕ್ಕಿದ್ದ ಒಂದು ಗಂಡುಹುಲಿ 2011ರಲ್ಲಿ ಸುಮಾರು 280 ಕಿ.ಮೀ. ದೂರದ ಶಿಕಾರಿಪುರ ತಾಲ್ಲೂಕಿನಲ್ಲಿ ಪ್ರತ್ಯಕ್ಷವಾಯಿತು! ಪಟ್ಟೆಗಳು ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರಂತೆ ಇನ್ನೊಂದಿಲ್ಲ, ಅದರಿಂದಲೇ ಗುರುತು ಹತ್ತಿತು. ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ವರ್ಷಗಟ್ಟಲೆ ಕಾಡು ಸುತ್ತಿ ರೂಢಿಗೆ ತಂದ ವಿಧಾನ ಅದು.

ಆ ನಡಿಗೆಯ ದಾರಿ ಕಡಿದರೆ ನಾಗರಹೊಳೆಯೂ ನಾಳೆ ರಣಥಂಬೋರ. ಮಾನಂದವಾಡಿ ರಸ್ತೆಯಲ್ಲಿ ರಾತ್ರಿ ಗೇಟು ಹಾಕಿದಾಗ ಬಯ್ಯುತ್ತೇವಲ್ಲ, ನಾನೂ ಬೈದವಳೇ, ಇನ್ನು ಬಯ್ಯುವುದಿಲ್ಲ. ಹಾಗಂತ ಹುಲಿಯ ಪಕ್ಕದಲ್ಲಿ ಬದುಕುವವರ ಪಾಡು ಮರೆಯುವ ಹಾಗೂ ಇಲ್ಲ. ಕಾಡಿನಿಂದ ಎಬ್ಬಿಸಿದ ಜೇನುಕುರುಬರ ಕುಟುಂಬಗಳು ಹುಣಸೂರಿನ ನಾಗಾಪುರದ ಹಾಡಿಗಳಲ್ಲಿವೆ. ನಾವು ಬಂದ ಮೇಲೆ, 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಆ ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದರು. ಆದ್ದರಿಂದ ಹೊರಡುವ ಮುಂಚೆ ವಿಚಾರಿಸಿಕೊಂಡು ಹೊರಡಿ. ಕಾಡಿನಂಚಿನ ಹೊಲದಲ್ಲಿ ಬಗ್ಗಿ ಕಳೆ ಕೀಳುವವಳು ನಮ್ಮಂಥ ಹೆಂಗಸೇ.

ವಾಪಸ್ಸು ಅಕ್ಕನ ಮನೆಗೆ ಬಂದಾಗ ಅಂಗಳದಲ್ಲಿ ಹೊಸ ಹೋರಿ. ಮಂಡ್ಯದ ಕಡೆಯದು, ಭಾವನಿಗೆ ಹಿಗ್ಗೋ ಹಿಗ್ಗು. ಅಕ್ಕ ಆರತಿ ತಟ್ಟೆ ತರಲು ಒಳಗೆ ಹೋದಳು. ಪುಟ್ಟಿ ಹೋರಿಯ ಗಂಗೆದೊಗಲು ಸವರುತ್ತಾ, “ಅಪ್ಪ, ಹೋರಿಗೆ ಮಾತ್ರ ಬೇರೆ ಊರು ಹುಡುಕಿದ್ರಾ?” ಅಂದಳು.

ಭಾವ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಜಗಲಿಯ ಮೇಲೆ ನಡುವಿನ ತಮ್ಮ ಕುಳಿತಿದ್ದ. ಅವನಿಗೆ ಮಾತು ಕೇಳಿಸಲಿಲ್ಲ, ಹೋರಿ ನೋಡಿ ಚೆನ್ನಾಗಿದೆ ಎಂದು ಕೈಸನ್ನೆ ಮಾಡಿ ನಗುತ್ತಿದ್ದ. ಭಾವ ಹಗ್ಗ ಗೂಟಕ್ಕೆ ಸುತ್ತಿ, ಏನೂ ಹೇಳದೆ ಗದ್ದೆಯ ಕಡೆ ಹೋದರು.

ರಾತ್ರಿ ನಾನು ಅಕ್ಕನಿಗೆ ಗೊತ್ತಿದ್ದಷ್ಟು ಹೇಳಿದೆ. ಸಂಬಂಧದ ಮದುವೆಯ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಹುಟ್ಟುತ್ತಾರೆ, ನಾನೂ ನೀನೂ ಇಲ್ಲವೇ? 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಂದರ ತಾಯಿತಂದೆ ಸಂಬಂಧದವರೇ ಆಗಿದ್ದರು. ಆದರೆ ನಮ್ಮದು ಎರಡನೇ ಸುತ್ತು. ಅಮ್ಮ ಮಾವನನ್ನು ಆದವಳು, ಈಗ ಅವಳ ಮಗನಿಗೆ ಅವಳ ಮೊಮ್ಮಗಳು. ಅಳಿಸಿದ ಹಾಳೆ ನಮ್ಮ ಮನೆಯ ಪುಸ್ತಕದಲ್ಲಿ ಇದೆ ಅನ್ನುವುದಕ್ಕೆ ಸಾಕ್ಷಿ ಜಗಲಿಯ ಮೇಲೆ ಕುಳಿತಿದ್ದಾನೆ. ಕೊನೆಪಕ್ಷ ವಂಶವಾಹಿ ತಜ್ಞರ ಹತ್ತಿರ ಒಮ್ಮೆ ಕೇಳೋಣ ಅಂದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. “ಅಮ್ಮನ ತಪ್ಪು ಅಂತೀಯಾ?” ಎಂದಳು. ಅಮ್ಮನದು ತಪ್ಪಲ್ಲ, ಆಗ ಯಾರಿಗೂ ಗೊತ್ತಿರಲಿಲ್ಲ ಎಂದು ಹೇಳುವಷ್ಟರಲ್ಲಿ ನನಗೂ ಅಳು ಬಂತು.

ನಾಲ್ಕು ದಿನ ಕಳೆದು ಕಡೇ ತಮ್ಮ ಫೋನು ಮಾಡಿದ. ಭಾವ ಮಾತು ಹಿಂದಕ್ಕೆ ತೆಗೆದುಕೊಂಡರಂತೆ. “ನಾನು ಎತ್ತಿ ಆಡಿಸಿದ ಕೂಸು ಅಕ್ಕ. ಬೇಡ ಅನ್ನೋಕೆ ನನಗೂ ಧೈರ್ಯ ಇರಲಿಲ್ಲ” ಅಂದ.

ಆ ಯುಗಾದಿಗೆ ಅಕ್ಕನ ಮನೆಯಿಂದ ಒಬ್ಬಟ್ಟಿನ ಡಬ್ಬಿ ಬರಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ತಾನಾಗಿ ಫೋನು ಮಾಡಿದಳು. ಹಸು ಗಬ್ಬವಾಗಿದೆ, ಪುಟ್ಟಿಗೆ ಕೆಲಸ ಸಿಕ್ಕಿದೆ, ಮೈಸೂರಿನ ಕಡೆ ಯಾವುದಾದರೂ ಒಳ್ಳೆ ಮನೆಯ ಹುಡುಗನಿದ್ದರೆ ನೋಡು ಅಂದಳು. ವರದಕ್ಷಿಣೆ ಕೇಳದವರಾಗಿರಬೇಕು ಎಂದೂ ಸೇರಿಸಿದಳು.